ಬಿಸಿಗಾಳಿಯ ಮುನ್ನೆಚ್ಚರಿಕೆಯಿಂದ ದಿನಗೂಲಿಯವರಿಗೆ ಪ್ರಯೋಜನವಿದೆಯೇ?

ನಮಸ್ಕಾರ. ಕೆಲಸ ಬಿಟ್ಟರೆ ಅಂದಿನ ಕೂಲಿಯೇ ಇಲ್ಲವಾಗುವ ರಾಯಚೂರಿನ ಕಟ್ಟಡ ಕಾರ್ಮಿಕರಿಗೆ ಬಿಸಿಗಾಳಿಯ ಮುನ್ನೆಚ್ಚರಿಕೆ ಕೊಟ್ಟು ಏನು ಫಲ ಎಂದು ತಾವು ಕೇಳಿದ್ದೀರಿ. ಬರಿಯ ಎಚ್ಚರಿಕೆಯಿಂದ ಫಲ ಕಡಿಮೆ; ಅದರ ಬೆನ್ನಿಗೆ ವ್ಯವಸ್ಥೆಯೊಂದು ನಿಂತರೆ ಜೀವಗಳು ಉಳಿಯುತ್ತವೆ ಎಂಬುದಕ್ಕೆ ಅಹಮದಾಬಾದ್ ಸಾಕ್ಷಿ.

2010ರ ಮೇ ತಿಂಗಳಲ್ಲಿ ಅಲ್ಲಿ ತಾಪಮಾನ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಹಿಂದಿನ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ 1,300ಕ್ಕೂ ಹೆಚ್ಚು ಅಧಿಕ ಸಾವುಗಳಾದವು. ಆ ಬಳಿಕ ಮಹಾನಗರ ಪಾಲಿಕೆಯು ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಸೇರಿದಂತೆ ಹಲವರ ನೆರವಿನಿಂದ 2013ರಲ್ಲಿ ಉಷ್ಣ ಕ್ರಿಯಾ ಯೋಜನೆಯನ್ನು ರೂಪಿಸಿತು. ಮುನ್ಸೂಚನೆಯ ತಾಪಮಾನಕ್ಕೆ ತಕ್ಕಂತೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಹೊರಡುತ್ತವೆ; ಅದರೊಡನೆ ಆಸ್ಪತ್ರೆಗಳು ಸಜ್ಜಾಗುತ್ತವೆ, ಕುಡಿಯುವ ನೀರಿನ ಅರವಟ್ಟಿಗೆಗಳು ಹೆಚ್ಚುತ್ತವೆ. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸಿದ್ದು, ಅಲ್ಲಿನ ಶಾರದಾಬೆನ್ ಆಸ್ಪತ್ರೆಯಲ್ಲಿ ಬಿಸಿಲಿಗೆ ಕಾಯುವ ಮೇಲಂತಸ್ತಿನಲ್ಲಿದ್ದ, ನವಜಾತ ಶಿಶುಗಳಿರುವ ಹೆರಿಗೆ ವಾರ್ಡನ್ನು ಕೆಳಮಹಡಿಗೆ ಇಳಿಸಿದ ಕ್ರಮ. ಹೆಚ್ಚು ಖರ್ಚಿಲ್ಲದ ಇಂತಹ ನಿರ್ಧಾರಗಳು ಅತ್ಯಂತ ದುರ್ಬಲರನ್ನೇ ನೇರವಾಗಿ ಕಾಪಾಡುತ್ತವೆ.

ಇನ್ನು ಕೂಲಿಯ ಪ್ರಶ್ನೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಕಡುಬೇಸಿಗೆಯಲ್ಲಿ ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಫ್ಯಾನಿನ ಕೆಳಗೆ ಕೂರುವವರಿಗೆ ದೊರೆತಿರುವ ಈ ರಕ್ಷಣೆಯನ್ನು, ಕೂಲಿಯಲ್ಲಿ ಕಡಿತವಿಲ್ಲದೆ, ಬಿಸಿಲಿನಲ್ಲೇ ಗಾರೆ ಹೊರುವವರಿಗೂ ವಿಸ್ತರಿಸಬೇಕೆಂದು ತಾವು ಜಿಲ್ಲಾಡಳಿತವನ್ನೂ ಕಾರ್ಮಿಕ ಇಲಾಖೆಯನ್ನೂ ಲಿಖಿತವಾಗಿ ಕೇಳಿ. ನೆರಳು, ನೀರು, ಓಆರ್‌ಎಸ್ ಪೊಟ್ಟಣಗಳ ಬೇಡಿಕೆಯೂ ಅದೇ ಮನವಿಯಲ್ಲಿರಲಿ.