ಇಸವಿಗಳು ನೆನಪಿರಲ್ಲ, ಇತಿಹಾಸದ ಪ್ರಾಧ್ಯಾಪಕರಾಗಬಹುದಾ?

ಇತಿಹಾಸ ಅಂದರೆ ಇಷ್ಟ, ಆದರೆ ಇಸವಿಗಳು ತಲೆಯಲ್ಲಿ ನಿಲ್ಲುವುದಿಲ್ಲ, ಹೀಗಿದ್ದೂ ಪ್ರಾಧ್ಯಾಪಕರಾಗಬಹುದಾ, ನೀವು ಹೇಗೆ ಆದಿರಿ ಎಂದು ಕೇಳಿದ್ದೀರಿ. ಖಂಡಿತ ಆಗಬಹುದು. ನನಗೂ ಇಸವಿಗಳು ನಿಲ್ಲುತ್ತಿರಲಿಲ್ಲ. ಈಗಲೂ ಪಾಠಕ್ಕೆ ಹೋಗುವ ಮುಂಚೆ ಒಮ್ಮೆ ನೋಡಿಕೊಂಡೇ ಹೋಗುತ್ತೇನೆ.

ಪದವಿಗೆ ಸೇರಿದಾಗ ನನ್ನ ಮುಖ್ಯ ವಿಷಯ ಅರ್ಥಶಾಸ್ತ್ರ. ಇತಿಹಾಸ ಜೊತೆಗಿತ್ತು, ಅಷ್ಟೇ. ಕೊನೆಯ ವರ್ಷ ಒಂದು ಸೆಮಿನಾರ್ ಇತ್ತು. ಏಳೆಂಟು ಜನ ಮೇಜಿನ ಸುತ್ತ ಕೂತು ಹಳೆಯ ಪತ್ರಗಳನ್ನು ಸಾಲು ಸಾಲಾಗಿ ಓದಬೇಕು. (19ನೇ ಶತಮಾನದಲ್ಲಿ ಬರ್ಲಿನ್‌ನಲ್ಲಿ ರಾಂಕೆ ಎಂಬ ಇತಿಹಾಸಕಾರರು ಹೀಗೆ ಪಾಠ ಮಾಡುತ್ತಿದ್ದರು. ಆ ರೂಢಿ ಇವತ್ತಿಗೂ ಉಳಿದಿದೆ.) ನನ್ನ ಪಾಲಿಗೆ ಬಂದಿದ್ದು 17ನೇ ಶತಮಾನದ ಎರಡು ಪತ್ರಗಳ ಅನುವಾದ. ಒಂದು ಡಚ್ ಈಸ್ಟ್ ಇಂಡಿಯಾ ಕಂಪನಿಯದು, ಇನ್ನೊಂದು ಇಂಗ್ಲಿಷ್ ಕಂಪನಿಯದು. ಎರಡರಲ್ಲೂ ಒಂದೇ ಹಡಗು ಬಂದರಿಗೆ ಬಂದ ಸುದ್ದಿ. ಆದರೆ ತಾರೀಖಿನಲ್ಲಿ ಹತ್ತು ದಿನ ವ್ಯತ್ಯಾಸ! ಇಬ್ಬರಲ್ಲಿ ಒಬ್ಬರು ಸುಳ್ಳು ಬರೆದಿದ್ದಾರೆ ಎಂದು ನಾಲ್ಕು ಪುಟ ಪ್ರಬಂಧ ಬರೆದುಕೊಟ್ಟೆ. ಮೇಷ್ಟ್ರು ಅದರ ಅಂಚಿನಲ್ಲಿ ಎರಡೇ ಪದ ಬರೆದಿದ್ದರು: "ಯಾವ ಕ್ಯಾಲೆಂಡರ್?"

ಎರಡು ದಿನ ಗ್ರಂಥಾಲಯದಲ್ಲಿ ಹುಡುಕಿದ ಮೇಲೆ ಅರ್ಥವಾಯಿತು. ಹಾಲೆಂಡ್ ಪ್ರಾಂತ್ಯದವರು 1583ರ ಹೊತ್ತಿಗೇ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್ ಹಿಡಿದಿದ್ದರು. ಇಂಗ್ಲೆಂಡಿನವರು 1752ರ ತನಕ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಬಳಸುತ್ತಿದ್ದರು. 17ನೇ ಶತಮಾನದಲ್ಲಿ ಇವೆರಡರ ನಡುವಿನ ಅಂತರ ಸರಿಯಾಗಿ ಹತ್ತು ದಿನ. ಯಾರೂ ಸುಳ್ಳು ಬರೆದಿರಲಿಲ್ಲ. ಇಬ್ಬರೂ ಬರೆದಿದ್ದು ಒಂದೇ ದಿನದ ವಿಷಯ.

ಅವತ್ತು ನನಗಾದ ಖುಷಿ ಇನ್ನೂ ನೆನಪಿದೆ. ಅಲ್ಲಿಯವರೆಗೆ ತಾರೀಖು ಅಂದರೆ ಬಾಯಿಪಾಠ ಮಾಡುವ ವಸ್ತು ಅಂದುಕೊಂಡಿದ್ದೆ. ಅದನ್ನೂ ಯಾರೋ ಬರೆದಿರುತ್ತಾರೆ, ಎಲ್ಲೋ ಕೂತು, ತಮ್ಮದೇ ಲೆಕ್ಕದಲ್ಲಿ ಬರೆದಿರುತ್ತಾರೆ ಎಂದು ಆಗಲೇ ಹೊಳೆದಿದ್ದು. ಇಸವಿ ಮರೆತರೆ ಪುಸ್ತಕ ತೆಗೆದು ನೋಡಬಹುದು. ಅದು ಎಲ್ಲಿಂದ ಬಂತು ಎಂದು ಕೇಳುವ ಚಟ ಇಲ್ಲದಿದ್ದರೆ ಮಾತ್ರ ಈ ಕೆಲಸ ಕಷ್ಟ.

ಎಂಎಗೆ ಇತಿಹಾಸಕ್ಕೇ ಬಂದೆ. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ, ತುಂಬಾ ಓದಿದೆ. ನಿಜವಾದ ಕಷ್ಟ ಶುರುವಾಗಿದ್ದು ಪಿಎಚ್‌ಡಿಯಲ್ಲಿ. ಹಿಂದೂ ಮಹಾಸಾಗರದ ಇಡೀ ಮೆಣಸಿನ ವ್ಯಾಪಾರದ ಮೇಲೆ ಬರೆಯುತ್ತೇನೆ ಎಂದು ಹೊರಟಿದ್ದೆ. ಡಚ್ ಕಂಪನಿ ಶುರುವಾಗಿದ್ದು 1602ರಲ್ಲಿ, ಮುಚ್ಚಿದ್ದು 1799ರಲ್ಲಿ. ಅದು ಬಿಟ್ಟುಹೋದ ಕಾಗದಪತ್ರ ಸುಮಾರು 2.5 ಕೋಟಿ ಪುಟ. ಹೇಗ್, ಜಕಾರ್ತಾ, ಕೊಲಂಬೊ, ಚೆನ್ನೈ, ಕೇಪ್‌ಟೌನ್‌ಗಳಲ್ಲಿ ಹಂಚಿಹೋಗಿದೆ. ಯುನೆಸ್ಕೋ 2003ರಲ್ಲಿ ಅದನ್ನು ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು. ನನ್ನ ಗೈಡ್ ಎಲ್ಲ ಕೇಳಿಸಿಕೊಂಡು, "ಒಂದು ಗೋದಾಮು, ಹನ್ನೆರಡು ವರ್ಷ, ಅಷ್ಟು ಸಾಕು" ಎಂದರು. ಆಗ ಬೇಜಾರಾಗಿತ್ತು. ಈಗ ನನ್ನ ವಿದ್ಯಾರ್ಥಿಗಳಿಗೆ ನಾನೂ ಅದನ್ನೇ ಹೇಳುತ್ತೇನೆ.

ಅಷ್ಟು ಸಣ್ಣ ವಿಷಯಕ್ಕೂ ಆರು ವರ್ಷ ಹಿಡಿಯಿತು. ಮೊದಲ ಒಂದೂವರೆ ವರ್ಷ ಹೋಗಿದ್ದು ಡಚ್ ಕಲಿಯುವುದಕ್ಕೆ, ಆಮೇಲೆ ಆ ಕಾಲದ ಕೈಬರಹ ಓದುವುದಕ್ಕೆ. ಶುರುವಿನಲ್ಲಿ ಒಂದು ಪುಟ ಓದಲು ಎರಡು ದಿನ ಬೇಕಾಗುತ್ತಿತ್ತು. ಗುಮಾಸ್ತರು ಪದಗಳನ್ನು ಅರ್ಧಕ್ಕೇ ಕತ್ತರಿಸಿ ಮೇಲೊಂದು ಗೆರೆ ಎಳೆದುಬಿಡುತ್ತಿದ್ದರು. ನಿಧಾನವಾಗಿ ಒಬ್ಬೊಬ್ಬ ಗುಮಾಸ್ತನ ಕೈ ಗುರುತು ಸಿಗತೊಡಗಿತು. ಮೆಣಸಿನ ತೂಕ ಪೌಂಡ್ ಪೌಂಡಿಗೂ ಲೆಕ್ಕ ಇತ್ತು. ಮೂಟೆ ಹೊತ್ತವರ ಹೆಸರು ಒಂದೂ ಇರಲಿಲ್ಲ. ಒಂದು ಸಲ ಮಾತ್ರ, ಕೂಲಿ ಜಗಳದ ದೂರೊಂದರಲ್ಲಿ ಮೂವರ ಹೆಸರು ಸಿಕ್ಕಿತು. ಓದುವ ಕೋಣೆಯಲ್ಲಿ ಸುಮ್ನೆ ಹತ್ತು ನಿಮಿಷ ಆ ಪುಟ ನೋಡುತ್ತಾ ಕೂತಿದ್ದೆ. ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಹುಟ್ಟಿದ್ದು ಆ ದೂರಿನಿಂದ.

ಇನ್ನು ಯಾರೂ ಮೊದಲೇ ಹೇಳದ ಮಾತು. ಪಿಎಚ್‌ಡಿ ಮುಗಿದ ತಕ್ಷಣ ಕೆಲಸ ಸಿಗಲಿಲ್ಲ. ನಾಲ್ಕು ವರ್ಷ ಮೂರು ಕಡೆ ತಾತ್ಕಾಲಿಕವಾಗಿ ಪಾಠ ಮಾಡಿದೆ. ಒಂದು ಕಡೆ ಮುಂದಿನ ವರ್ಷ ಕೆಲಸ ಇಲ್ಲ ಎಂದು ಗೊತ್ತಾಗಿದ್ದು ರಜೆಯ ಹಿಂದಿನ ದಿನ. ಮೊದಲ ಲೇಖನ ಎರಡು ಪತ್ರಿಕೆಗಳಿಂದ ವಾಪಸ್ ಬಂತು. ಹೆಸರು ಗೊತ್ತಿಲ್ಲದ ಪರಿಶೀಲಕರು ಮೂರು ಪುಟ ತಪ್ಪು ತೋರಿಸಿದ್ದರು. ಎರಡು ವಾರ ಅದನ್ನು ಮುಟ್ಟಲಿಲ್ಲ. ಆಮೇಲೆ ಓದಿದಾಗ ಹೆಚ್ಚಿನವು ಸರಿಯಾಗಿಯೇ ಇದ್ದವು. ತಿದ್ದಿ ಬರೆದೆ, ಮೂರನೇ ಪತ್ರಿಕೆ ಪ್ರಕಟಿಸಿತು. ಅದಾದ ಮರುವರ್ಷ ಸಹಾಯಕ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ನನಗಿಂತ ಚೆನ್ನಾಗಿ ಓದುತ್ತಿದ್ದ ಇಬ್ಬರು ಸ್ನೇಹಿತರಿಗೆ ಸಿಗಲೇ ಇಲ್ಲ. ಒಬ್ಬರು ಈಗ ದಾಖಲೆ ಸಂಗ್ರಹಾಲಯದಲ್ಲಿದ್ದಾರೆ, ಇನ್ನೊಬ್ಬರು ಶಾಲೆಯಲ್ಲಿ ಪಾಠ ಮಾಡುತ್ತಾರೆ. ಹಾಗಾಗಿ ಶ್ರಮಪಟ್ಟರೆ ಸಿಕ್ಕೇ ಸಿಗುತ್ತದೆ ಎಂದು ನಿಮಗೆ ಹೇಳಲಾರೆ. ಆ ಐದಾರು ವರ್ಷಗಳ ಖರ್ಚು ಹೇಗೆ ನಡೆಯುತ್ತದೆ ಎಂದು ಮನೆಯವರ ಜೊತೆ ಕೂತು ಮಾತಾಡಿಯೇ ಹೊರಡಿ. ಫೆಲೋಶಿಪ್ ಇಲ್ಲದೆ ಪಿಎಚ್‌ಡಿಗೆ ಇಳಿಯುವುದು ನನ್ನ ಪ್ರಕಾರ ಬೇಡ.

ಈಗಲೇ ಏನು ಮಾಡಬಹುದು ಅಂದರೆ, ಇನ್ನೊಂದು ಭಾಷೆ ಕಲಿಯಲು ಶುರುಮಾಡಿ. ನಿಮಗೆ ಇಷ್ಟವಾದ ಕಾಲದ ದಾಖಲೆಗಳು ಯಾವ ಭಾಷೆಯಲ್ಲಿವೆಯೋ ಅದನ್ನು. ಮತ್ತೆ, ನಿಮ್ಮ ಪಠ್ಯದಲ್ಲಿ ನೆನಪಿಗೆ ಬರದೆ ಕಾಡುವ ಒಂದು ಇಸವಿ ಇದೆಯಲ್ವಾ, ಅದನ್ನು ಬಾಯಿಪಾಠ ಮಾಡಬೇಡಿ. ಪುಸ್ತಕದ ಅಡಿಟಿಪ್ಪಣಿ ಹಿಡಿದು, ಅದು ತೋರಿಸುವ ಪುಸ್ತಕಕ್ಕೆ ಹೋಗಿ, ಅಲ್ಲಿಂದ ಹಿಂದಿನದಕ್ಕೆ ಹೋಗಿ, ಅದನ್ನು ಮೊದಲು ಬರೆದವರು ಯಾರು ಎಂದು ಹುಡುಕಿ. ಏನು ಸಿಕ್ಕಿತು ಎಂದು ಇಲ್ಲೇ ಕೆಳಗೆ ಬರೆಯಿರಿ. ಓದಲು ಕಾಯುತ್ತಿರುತ್ತೇನೆ.