ಪ್ರಶ್ನೋತ್ತರ: ದೂರದ ಗ್ರಹಕ್ಕೆ ಹೊರಟ ನೌಕೆಯ ಎಂಜಿನ್

ಪ್ರಶ್ನೆ: ನಾಸಾದ ಡಾನ್ ನೌಕೆ, ವಿದ್ಯುತ್ತಿನ ಬಲದಿಂದ ಅನಿಲದ ಕಣಗಳನ್ನು ಹೊರದೂಡುವ ಅಯಾನ್ ಎಂಜಿನ್ ಬಳಸಿ, ವೆಸ್ಟಾ ಎಂಬ ಕ್ಷುದ್ರಗ್ರಹ ಮತ್ತು ಸೀರೀಸ್ ಎಂಬ ಕುಬ್ಜಗ್ರಹ ಎರಡನ್ನೂ ಸುತ್ತಿತೆಂದು ಓದಿದ್ದೇನೆ. ಅಷ್ಟು ಮಿತವ್ಯಯದ ಎಂಜಿನ್ ಇರುವಾಗ ದೂರದ ಗ್ರಹಗಳಿಗೆ ಹೋಗುವ ಯಂತ್ರನೌಕೆಗಳಲ್ಲಿ ಇಂದಿಗೂ ಇಂಧನ ಉರಿಸುವ ಎಂಜಿನ್‌ಗಳನ್ನೇ ಏಕೆ ಇಡುತ್ತಾರೆ? ಅವುಗಳಲ್ಲಿ ಸುಧಾರಿಸಲು ಇನ್ನೇನಾದರೂ ಉಳಿದಿದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಜಾಲಹಳ್ಳಿ

ಉತ್ತರ: ಗ್ರಹವೊಂದರ ಸಮೀಪಕ್ಕೆ ಬಂದ ನೌಕೆಗೆ ವೇಗ ತಗ್ಗಿಸಿಕೊಳ್ಳಲು ಸಿಗುವ ಅವಧಿ ತೀರ ಕಿರಿದು. ಆ ಅವಧಿಯೊಳಗೆ ಸಾಕಷ್ಟು ವೇಗ ಕಳೆಯದಿದ್ದರೆ ಗ್ರಹದ ಗುರುತ್ವಕ್ಕೆ ನೌಕೆ ಸಿಗುವುದಿಲ್ಲ. ಅದು ಪಕ್ಕದಿಂದ ಹಾದು ಸೂರ್ಯನ ಸುತ್ತಲಿನ ಹಾದಿಯಲ್ಲೇ ಮುಂದುವರಿಯುತ್ತದೆ. ಮಂಗಳಯಾನವು 2014ರ ಸೆಪ್ಟೆಂಬರ್ 24ರಂದು ತನ್ನ 440 ನ್ಯೂಟನ್ ಎಂಜಿನ್ನನ್ನೂ ಎಂಟು ಚಿಕ್ಕ ಥ್ರಸ್ಟರ್‌ಗಳನ್ನೂ ಒಟ್ಟಿಗೆ ಉರಿಸಿ, ಸೆಕೆಂಡಿಗೆ ಸುಮಾರು 1,100 ಮೀಟರ್‌ನಷ್ಟು ವೇಗವನ್ನು ಸುಮಾರು 23 ನಿಮಿಷಗಳಲ್ಲಿ ಕಳೆದುಕೊಂಡಿತು. 2004ರಲ್ಲಿ ಶನಿಯನ್ನು ತಲುಪಿದ ಕ್ಯಾಸಿನಿ 96 ನಿಮಿಷ ಎಂಜಿನ್ ಉರಿಸಬೇಕಾಯಿತು. ಡಾನ್‌ನ ಅಯಾನ್ ಎಂಜಿನ್ನಿನ ನೂಕುಬಲವಾದರೋ ಗರಿಷ್ಠವೆಂದರೂ 0.09 ನ್ಯೂಟನ್ ಮಾತ್ರ. ವೆಸ್ಟಾ ಮತ್ತು ಸೀರೀಸ್‌ಗಳ ಗುರುತ್ವ ಅಲ್ಪವಾದದ್ದರಿಂದ, ವರ್ಷಗಟ್ಟಲೆ ನಿಧಾನವಾಗಿ ನೂಕಿ ಅವುಗಳ ವೇಗಕ್ಕೆ ಹೊಂದಿಕೊಳ್ಳುವ ಉಪಾಯ ಅಲ್ಲಿ ನಡೆಯಿತು. ಗುರು, ಶನಿಗಳಂಥ ಗ್ರಹಗಳಲ್ಲಿ ಅದು ಸುಲಭವಲ್ಲ. ಮೇಲಾಗಿ ಅಯಾನ್ ಎಂಜಿನ್ನಿಗೆ ವಿದ್ಯುತ್ತು ಬೇಕು, ಗುರುವಿನ ದೂರದಲ್ಲಿ ಸೂರ್ಯನ ಬೆಳಕು ನಮಗೆ ಸಿಗುವುದರ ಇಪ್ಪತ್ತೇಳನೆಯ ಒಂದು ಪಾಲಿನಷ್ಟಿರುತ್ತದೆ.

ಸುಧಾರಣೆಯ ವಿಷಯಕ್ಕೆ ಬರೋಣ. ಎಂಜಿನ್ನಿನ ದಕ್ಷತೆಯನ್ನು ‘ನಿರ್ದಿಷ್ಟ ಆವೇಗ’ ಎಂಬ ಅಳತೆಯಿಂದ ಹೇಳುತ್ತಾರೆ; ಅದರ ಮಾನ ಸೆಕೆಂಡು, ಅದು ಹೆಚ್ಚಿದಷ್ಟೂ ಅದೇ ಕೆಲಸಕ್ಕೆ ಇಂಧನ ಕಡಿಮೆ ಸಾಕು. ಮಾನೊಮೀಥೈಲ್ ಹೈಡ್ರಜೀನ್ ಎಂಬ ಇಂಧನವನ್ನೂ, ಅದು ಉರಿಯಲು ಆಮ್ಲಜನಕ ಒದಗಿಸುವ ನೈಟ್ರೋಜನ್ ಟೆಟ್ರಾಕ್ಸೈಡ್ ಎಂಬ ಉತ್ಕರ್ಷಕವನ್ನೂ ಬಳಸುವ ಎಂಜಿನ್‌ಗಳು ಸಾಮಾನ್ಯವಾಗಿ 310ರಿಂದ 320 ಸೆಕೆಂಡ್ ಕೊಡುತ್ತವೆ. ಇಲ್ಲಿ ತಡೆಯಾಗಿ ನಿಂತಿರುವುದು ಮುಖ್ಯವಾಗಿ ದಹನಕೋಣೆಯ ಗೋಡೆ. ನಯೋಬಿಯಂ ಮಿಶ್ರಲೋಹದ ಗೋಡೆ ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ತಾಳದಾದ್ದರಿಂದ, ಇಂಧನದ ಒಂದಂಶವನ್ನು ಗೋಡೆಯ ಮೇಲೆ ತೆಳುವಾಗಿ ಹರಿಸಿ ಅದನ್ನು ತಂಪಾಗಿಡುತ್ತಾರೆ. ಹಾಗೆ ಹರಿದ ಇಂಧನ ಪೂರ್ತಿ ಉರಿಯದೆಯೇ ಹೊರಹೋಗುತ್ತದೆ. ರೀನಿಯಂ ಲೋಹದ ಕೋಣೆಗೆ ಒಳಗಿನಿಂದ ಇರಿಡಿಯಂ ಲೇಪಿಸಿದರೆ ಗೋಡೆ 2,200 ಡಿಗ್ರಿಯವರೆಗೂ ತಾಳುತ್ತದೆ, ಆಗ ಇಂಧನವನ್ನು ಹಾಗೆ ಪೋಲು ಮಾಡಬೇಕಾಗಿಲ್ಲ. ನಾಸಾದ ಬೆಂಬಲದಿಂದ ಏರೋಜೆಟ್ ಸಂಸ್ಥೆ 2008–09ರ ಸುಮಾರಿಗೆ ಇಂಥ ಎಂಜಿನ್ನನ್ನು 335 ಸೆಕೆಂಡಿನ ಗುರಿಯಿಟ್ಟು ತಯಾರಿಸಿ, ಹೈಡ್ರಜೀನ್ ಮತ್ತು ಟೆಟ್ರಾಕ್ಸೈಡ್ ಉರಿಸಿ 333 ಸೆಕೆಂಡ್ ಪಡೆಯಿತು.

ಇಪ್ಪತ್ತು ಚಿಲ್ಲರೆ ಸೆಕೆಂಡಿಗೆ ಇಷ್ಟು ಶ್ರಮವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. 2,000 ಕಿಲೋ ತೂಗುವ ನೌಕೆಯ ವೇಗವನ್ನು ಸೆಕೆಂಡಿಗೆ 2 ಕಿಲೋಮೀಟರ್‌ನಷ್ಟು ಬದಲಿಸಬೇಕಾದರೆ 310 ಸೆಕೆಂಡಿನ ಎಂಜಿನ್ ಸುಮಾರು 964 ಕಿಲೋ ಇಂಧನ ಮತ್ತು ಉತ್ಕರ್ಷಕವನ್ನು ಬಳಸುತ್ತದೆ, 333 ಸೆಕೆಂಡಿನದು ಸುಮಾರು 916 ಕಿಲೋ. ಉಳಿತಾಯ 48 ಕಿಲೋ. ಮಂಗಳಯಾನದ ಐದು ವೈಜ್ಞಾನಿಕ ಉಪಕರಣಗಳೆಲ್ಲ ಸೇರಿ ಸುಮಾರು 15 ಕಿಲೋ ಇದ್ದವು ಎಂಬುದನ್ನು ನೆನೆದರೆ ಈ 48 ಕಿಲೋ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಪ್ರಶ್ನೆ: ನಾನಿದ್ದ ಕಾರ್ಖಾನೆಯಲ್ಲಿ ಯಂತ್ರ ನಿಂತರೆ ನಾವು ಮೊದಲು ವಾಲ್ವ್‌ಗಳನ್ನು ಬಿಚ್ಚಿ ನೋಡುತ್ತಿದ್ದೆವು. ಗ್ರಹಗಳಿಗೆ ಹೋಗುವ ನೌಕೆಗಳು ಕೈಕೊಡುವುದೂ ಇಂಥ ಕಾರಣಗಳಿಂದಲೇ?
– ನಿವೃತ್ತ ಫಿಟ್ಟರ್, ಪೀಣ್ಯ

ಉತ್ತರ: ತಮ್ಮ ಊಹೆ ಬಹುಮಟ್ಟಿಗೆ ಸರಿ. ಹೊಸ ಇಂಧನ, ಹೊಸ ಲೋಹಗಳ ಕುರಿತು ನಡೆಯುವ ಚರ್ಚೆಯ ಅರ್ಧದಷ್ಟಾದರೂ ವಾಲ್ವ್‌ಗಳ ಕುರಿತು ನಡೆಯಬೇಕು ಎಂಬುದು ಈ ಅಂಕಣಕಾರನ ಅಭಿಪ್ರಾಯ.

ನೌಕೆಯ ಎಂಜಿನ್ನಿಗೆ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಅಧಿಕ ಒತ್ತಡದಲ್ಲಿ ತುಂಬಿಟ್ಟ ಹೀಲಿಯಂ ಅನಿಲವೇ ಇಂಧನವನ್ನೂ ಉತ್ಕರ್ಷಕವನ್ನೂ ತಮ್ಮತಮ್ಮ ಟ್ಯಾಂಕುಗಳಿಂದ ದೂಡುತ್ತದೆ. ಹೀಲಿಯಂನ ಮೂಲ ಒಂದೇ ಆಗಿದ್ದು, ಅದರಿಂದ ಹೊರಟ ಕೊಳವೆ ಕವಲೊಡೆದು ಎರಡೂ ಟ್ಯಾಂಕುಗಳಿಗೆ ಹೋಗುವುದರಿಂದ, ಒಂದು ಟ್ಯಾಂಕಿನ ಆವಿ ಹಿಂದಕ್ಕೆ ನುಸುಳಿ ಇನ್ನೊಂದರ ಆವಿಯನ್ನು ಸೇರದಂತೆ ಏಕಮುಖ ವಾಲ್ವ್‌ಗಳನ್ನು ಹಾಕುತ್ತಾರೆ. ಮನೆಯ ಸಂಪಿನ ಪಂಪಿಗೆ ಹಾಕುವ ಫುಟ್ ವಾಲ್ವ್ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ಈ ಎರಡು ದ್ರವಗಳು ತಾಗಿದ ಕೂಡಲೇ ತಾವಾಗಿ ಹೊತ್ತಿಕೊಳ್ಳುತ್ತವೆ. ದಹನಕೋಣೆಯಲ್ಲಿ ಈ ಗುಣ ವರ, ಕಿಡಿ ಹೊತ್ತಿಸುವ ಸಾಧನವೇ ಬೇಡ. ಕೊಳವೆಯೊಳಗೆ ಅದೇ ಗುಣ ಗಂಡಾಂತರ.

ನಾಸಾದ ಮಾರ್ಸ್ ಅಬ್ಸರ್ವರ್ 1993ರ ಆಗಸ್ಟ್ 21ರಂದು, ಮಂಗಳನ ಕಕ್ಷೆ ಸೇರಲು ಮೂರು ದಿನವಿರುವಾಗ, ಮೌನವಾಯಿತು. ಹನ್ನೊಂದು ತಿಂಗಳ ಪ್ರಯಾಣದಲ್ಲಿ ಉತ್ಕರ್ಷಕದ ಆವಿ ಏಕಮುಖ ವಾಲ್ವ್‌ಗಳನ್ನು ದಾಟಿ ಕೊಳವೆಯಲ್ಲಿ ದ್ರವವಾಗಿ ನಿಂತಿತ್ತು, ಟ್ಯಾಂಕುಗಳಿಗೆ ಒತ್ತಡ ಕೊಟ್ಟಾಗ ಅದು ಇಂಧನದೊಡನೆ ಬೆರೆತು ಕೊಳವೆ ಒಡೆಯಿತು ಎಂಬುದೇ ತನಿಖಾ ಮಂಡಳಿ ಕಂಡ ಅತಿ ಸಂಭವನೀಯ ಕಾರಣ. ಜಪಾನಿನ ಅಕಾತ್ಸುಕಿಯ ಕಥೆ ಇದಕ್ಕಿಂತ ಸೂಕ್ಷ್ಮವಾದುದು. 2010ರ ಡಿಸೆಂಬರ್ 7ರಂದು ಶುಕ್ರನ ಬಳಿ 12 ನಿಮಿಷ ಉರಿಯಬೇಕಿದ್ದ ಅದರ ಎಂಜಿನ್ ಎರಡೂವರೆ ನಿಮಿಷ ದಾಟುವಷ್ಟರಲ್ಲಿ ನಿಂತಿತು. ಎರಡು ಆವಿಗಳು ಸೇರಿ ಉಂಟಾದ ಲವಣ ಇಂಧನದ ಕಡೆಯ ವಾಲ್ವನ್ನು ಕಟ್ಟಿಹಾಕಿತ್ತು. ಇಂಧನದ ಹರಿವು ಕುಗ್ಗಿ, ಉತ್ಕರ್ಷಕದ ಪ್ರಮಾಣ ಮಿತಿಮೀರಿ, ಎಂಜಿನ್ನಿನ ಪಿಂಗಾಣಿ ಮೂತಿಯೇ ಮುರಿಯಿತು. ಜಪಾನೀಯರು ಕೈಚೆಲ್ಲಲಿಲ್ಲ. ಇನ್ನು ಉಪಯೋಗವಿಲ್ಲದ ಉತ್ಕರ್ಷಕವನ್ನು ಹೊರಚೆಲ್ಲಿ ನೌಕೆಯನ್ನು ಹಗುರಗೊಳಿಸಿ, ಸರಿಯಾಗಿ ಐದು ವರ್ಷದ ಬಳಿಕ ಅದೇ ಡಿಸೆಂಬರ್ 7ರಂದು ನೌಕೆಯ ದಿಕ್ಕು ತಿದ್ದುವ ಚಿಕ್ಕ ಥ್ರಸ್ಟರ್‌ಗಳನ್ನು ಇಪ್ಪತ್ತು ನಿಮಿಷ ಉರಿಸಿ ಅದನ್ನು ಶುಕ್ರನ ಕಕ್ಷೆಗೆ ಸೇರಿಸಿದರು. ಗುರುವನ್ನು ಸುತ್ತುವ ಜೂನೋದಲ್ಲಿ 2016ರ ಅಕ್ಟೋಬರಿನಲ್ಲಿ ಹೀಲಿಯಂ ವಾಲ್ವ್‌ಗಳು ತೆರೆದುಕೊಳ್ಳಲು ಕೆಲವು ಸೆಕೆಂಡಿನ ಬದಲು ಹಲವು ನಿಮಿಷ ತೆಗೆದುಕೊಂಡವು. ಹಾಗಾಗಿ 14 ದಿನದ ಕಕ್ಷೆಗೆ ಇಳಿಸುವ ಯೋಜನೆಯನ್ನೇ ಬಿಟ್ಟು ನೌಕೆಯನ್ನು 53 ದಿನದ ಕಕ್ಷೆಯಲ್ಲಿ ಉಳಿಸಿಕೊಂಡರು. 2024ರ ಜನವರಿಯಲ್ಲಿ ಚಂದ್ರನತ್ತ ಹೊರಟ ಪೆರಿಗ್ರಿನ್‌ನಲ್ಲಿಯೂ ಮುಚ್ಚಿಕೊಳ್ಳದ ಹೀಲಿಯಂ ವಾಲ್ವೊಂದು ಟ್ಯಾಂಕನ್ನು ಬಿರಿಯಿಸಿತು.

ಇಸ್ರೋ ಈ ಅಪಾಯವನ್ನು ಎದುರಿಸಿದ ರೀತಿಯನ್ನು ಗಮನಿಸಬೇಕು. ಮಂಗಳಯಾನದ ಎಂಜಿನ್ ಮೂಲತಃ ಸಂಪರ್ಕ ಉಪಗ್ರಹಗಳನ್ನು ಕಕ್ಷೆಗೇರಿಸಲು ರೂಪಿಸಿದ್ದು. ಅವುಗಳಲ್ಲಿ ಉಡಾವಣೆಯಾದ ಕೆಲವೇ ವಾರಗಳಲ್ಲಿ ಅದರ ಕೆಲಸ ಮುಗಿಯುತ್ತದೆ. ಮಂಗಳಯಾನದಲ್ಲಿ ಅದು ದಾರಿಯುದ್ದಕ್ಕೂ ಸುಮಾರು 300 ದಿನ ಸುಮ್ಮನಿದ್ದು ಮಂಗಳನ ಬಳಿ ಮತ್ತೆ ಹೊತ್ತಿಕೊಳ್ಳಬೇಕಿತ್ತು. ಆದ್ದರಿಂದ ಕೊಳವೆ ಮತ್ತು ವಾಲ್ವ್‌ಗಳ ಎರಡು ಸಮಾಂತರ ಜೋಡಣೆಗಳನ್ನು ಇಟ್ಟು, ಭೂಮಿಯ ಬಳಿ ಬಳಸಿದ ಮೊದಲನೆಯದನ್ನು ಮುಚ್ಚಿ, ಮಂಗಳನಿಗಾಗಿ ಅದುವರೆಗೆ ದ್ರವದ ಸೋಂಕೇ ತಗಲದ ಎರಡನೆಯದನ್ನು ತೆರೆದರು. ಎರಡು ದಿನ ಮುಂಚೆ ಎಂಜಿನ್ನನ್ನು ಸುಮಾರು 4 ಸೆಕೆಂಡ್ ಉರಿಸಿ ಪರೀಕ್ಷಿಸಿದರು. ಅದು ಹೊತ್ತದಿದ್ದರೆ ಎಂಟು ಚಿಕ್ಕ ಥ್ರಸ್ಟರ್‌ಗಳನ್ನೇ ದೀರ್ಘಕಾಲ ಉರಿಸುವ ಎರಡನೆಯ ಯೋಜನೆಯೂ ಸಿದ್ಧವಿತ್ತು. ತಮ್ಮ ಪೀಣ್ಯದಲ್ಲೇ ಇರುವ, ನೌಕೆಗಳೊಡನೆ ಸಂಪರ್ಕ ಇಟ್ಟುಕೊಳ್ಳುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ ಮಂಗಳನಿಗೆ ಸಂಕೇತ ತಲುಪಲು ಅಂದು 12 ನಿಮಿಷಕ್ಕೂ ಹೆಚ್ಚು ಬೇಕಾಗಿದ್ದುದರಿಂದ, ವಾಲ್ವ್ ಸಿಕ್ಕಿಕೊಂಡರೆ ಇಲ್ಲಿಂದ ಸರಿಪಡಿಸುವ ಮಾತೇ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ಬೇರೊಂದು ದಾರಿ ಹಿಡಿದಿದೆ: ಅದರಲ್ಲಿ ದೊಡ್ಡ ಎಂಜಿನ್ನೇ ಇಲ್ಲ, ಬದಲಿಗೆ 24 ಚಿಕ್ಕ ಎಂಜಿನ್‌ಗಳಿವೆ. ಗುರುವಿನ ಕಕ್ಷೆ ಸೇರಲು ಅದು ಆರರಿಂದ ಎಂಟು ಗಂಟೆ ಅವುಗಳನ್ನು ಉರಿಸಬೇಕಾಗುತ್ತದೆ.

ಪ್ರಶ್ನೆ: ದ್ರವ ಜಲಜನಕ, ದ್ರವ ಆಮ್ಲಜನಕಗಳ ಕ್ರಯೋಜೆನಿಕ್ ಎಂಜಿನ್ನನ್ನೇ ಇಂಥ ನೌಕೆಗಳಲ್ಲಿ ಏಕೆ ಬಳಸಬಾರದು?
– ಓದುಗರು, ಬಸವನಗುಡಿ

ಉತ್ತರ: ದಕ್ಷತೆಯಲ್ಲಿ ಅದಕ್ಕೆ ಸಾಟಿಯಿಲ್ಲ, 450 ಸೆಕೆಂಡಿನ ಆಸುಪಾಸು ಸಿಗುತ್ತದೆ. ಆದರೆ ಜಲಜನಕವನ್ನು ದ್ರವವಾಗಿಡಲು ಮೈನಸ್ 253 ಡಿಗ್ರಿ ಬೇಕು. ವರ್ಷಗಟ್ಟಲೆಯ ಪಯಣದಲ್ಲಿ ಅದು ಕುದಿದು ಆವಿಯಾಗಿ ಸೋರುತ್ತಲೇ ಇರುತ್ತದೆ. ಅದನ್ನು ತಡೆಯುವ ಹೊದಿಕೆ ಮತ್ತು ಶೀತಕ ಯಂತ್ರಗಳ ಭಾರ ಒಂದೆಡೆ, ಜಲಜನಕದ ಸಾಂದ್ರತೆ ಕಡಿಮೆಯಾದ್ದರಿಂದ ಬೇಕಾಗುವ ಭಾರಿ ಟ್ಯಾಂಕ್ ಇನ್ನೊಂದೆಡೆ. ಸದ್ಯಕ್ಕೆ ಅದು ಉಡಾವಣಾ ವಾಹನಕ್ಕೇ ತಕ್ಕದ್ದು.

ಪ್ರಶ್ನೆ: ಅಲ್ಲಿನ ಚಳಿಗೆ ನೌಕೆಯ ಇಂಧನವೇ ಹೆಪ್ಪುಗಟ್ಟುವುದಿಲ್ಲವೇ?
– ಪದವಿಪೂರ್ವ ವಿದ್ಯಾರ್ಥಿ, ಯಲಹಂಕ

ಉತ್ತರ: ಖಂಡಿತ ಹೆಪ್ಪುಗಟ್ಟುತ್ತದೆ. ಹೈಡ್ರಜೀನ್ ಸುಮಾರು 2 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ನೈಟ್ರೋಜನ್ ಟೆಟ್ರಾಕ್ಸೈಡ್ ಮೈನಸ್ 11ರಲ್ಲಿ. ಹಾಗಾಗಿ ಟ್ಯಾಂಕಿನಿಂದ ಹಿಡಿದು ಕೊಳವೆಯ ಕೊನೆಯವರೆಗೆ ಹೀಟರ್‌ಗಳನ್ನು ಸುತ್ತಿ ಬೆಚ್ಚಗಿಡಬೇಕು, ದೂರ ಹೋದಷ್ಟೂ ವಿದ್ಯುತ್ತು ದುರ್ಲಭವಾಗುವಲ್ಲಿ ಇದು ದುಬಾರಿ ಖರ್ಚು. ಇದಕ್ಕೊಂದು ಸೊಗಸಾದ ಪರಿಹಾರವಿದೆ. ಟೆಟ್ರಾಕ್ಸೈಡ್‌ಗೆ ತೂಕದಲ್ಲಿ ಕಾಲು ಭಾಗದಷ್ಟು ನೈಟ್ರಿಕ್ ಆಕ್ಸೈಡ್ ಬೆರೆಸಿದರೆ ಅದರ ಹೆಪ್ಪುಗಟ್ಟುವ ಬಿಂದು ಸುಮಾರು ಮೈನಸ್ 55ಕ್ಕೆ ಇಳಿಯುತ್ತದೆ. ಮಾನೊಮೀಥೈಲ್ ಹೈಡ್ರಜೀನ್‌ನದು ಮೈನಸ್ 52. ಎರಡೂ ಬಹುತೇಕ ಒಂದೇ ಚಳಿಯನ್ನು ತಾಳುವುದರಿಂದ ಹೀಟರ್‌ಗಳ ಹೊರೆ ಬಹಳ ತಗ್ಗುತ್ತದೆ. ಮಿಶ್ರಣದ ಆವಿಯ ಒತ್ತಡ ಏರುವುದು ಇದರ ತೊಡಕು. ಇಂಥ ಎಂಜಿನ್‌ಗಳನ್ನು ನಾಸಾ ಈಗಾಗಲೇ ನೆಲದ ಮೇಲೆ ಉರಿಸಿ ಪರೀಕ್ಷಿಸಿದೆ.

ಪ್ರಶ್ನೆ: ಬೆಂಗಳೂರಿನ ಸಂಸ್ಥೆಯೊಂದು ‘ಹಸಿರು ಇಂಧನ’ದ ಥ್ರಸ್ಟರ್ ಹಾರಿಸಿದೆ ಎಂದು ಕೇಳಿದೆ. ಇವು ಹೈಡ್ರಜೀನ್‌ನ ಜಾಗ ಹಿಡಿಯುವವೇ?
– ಶಿಕ್ಷಕಿ, ಜಯನಗರ

ಉತ್ತರ: ತಾವು ಕೇಳಿದ್ದು ಬೆಲ್ಲಾಟ್ರಿಕ್ಸ್ ಏರೋಸ್ಪೇಸ್‌ನ ‘ರುದ್ರ’ ಥ್ರಸ್ಟರ್ ಇರಬೇಕು, ಅದು 2024ರ ಜನವರಿ 1ರಂದು ಹಾರಿದ ಪಿಎಸ್ಎಲ್‌ವಿ–ಸಿ58ರ ಕೊನೆಯ ಹಂತದ ವೇದಿಕೆಯಲ್ಲಿತ್ತು. ಇದಕ್ಕೂ ಮುಂಚೆ ಸ್ವೀಡನ್ನಿನ ಪ್ರಿಸ್ಮಾ ಉಪಗ್ರಹ 2010ರಲ್ಲೂ ಅಮೆರಿಕದ ಉಪಗ್ರಹವೊಂದು 2019ರಲ್ಲೂ ಇಂಥ ಇಂಧನಗಳನ್ನು ಒಯ್ದಿದ್ದವು. ಹೈಡ್ರಜೀನ್ ವಿಷಕಾರಿಯಾದ್ದರಿಂದ ಅದನ್ನು ತುಂಬುವವರು ಇಡೀ ಮೈ ಮುಚ್ಚುವ ಉಡುಪು ತೊಡಬೇಕು. ಹಸಿರು ಇಂಧನಗಳಲ್ಲಿ ಆ ತಾಪತ್ರಯ ಬಹಳ ಕಡಿಮೆ. ಅಮೆರಿಕದ ಇಂಧನದ ಸಾಂದ್ರತೆಯೂ ಹೈಡ್ರಜೀನ್‌ಗಿಂತ ಸುಮಾರು ಒಂದೂವರೆ ಪಟ್ಟು ಇದೆ, ಹಾಗಾಗಿ ಅಷ್ಟೇ ಅಳತೆಯ ಟ್ಯಾಂಕಿನಿಂದ ಹೆಚ್ಚು ಕೆಲಸ ಪಡೆಯಬಹುದು. ಆದರೆ ಉರಿಸುವ ಮುನ್ನ ವೇಗವರ್ಧಕವನ್ನು, ಅಂದರೆ ಇಂಧನದ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವನ್ನು, ಚೆನ್ನಾಗಿ ಕಾಯಿಸಿಕೊಳ್ಳಬೇಕು. 2022ರ ಡಿಸೆಂಬರಿನಲ್ಲಿ ಇದೇ ಬಗೆಯ ಇಂಧನದೊಡನೆ ಚಂದ್ರನತ್ತ ಹೋದ ಪುಟ್ಟ ಲೂನಾರ್ ಫ್ಲ್ಯಾಶ್‌ಲೈಟ್, ಥ್ರಸ್ಟರ್‌ಗಳಿಗೆ ಹೋಗುವ ಕೊಳವೆಗಳು ಕಟ್ಟಿಕೊಂಡದ್ದರಿಂದಲೋ ಏನೋ, ಸಾಕಷ್ಟು ನೂಕುಬಲ ಸಿಗದೆ ಕಕ್ಷೆ ಸೇರಲಿಲ್ಲ. ಅಲ್ಲಿ ಸೋತದ್ದು ಇಂಧನವೆನ್ನಲಾಗದು.

ಇವುಗಳಿಂದ ಸಿಗುವುದು 250 ಸೆಕೆಂಡಿನ ಆಸುಪಾಸು. ಹೈಡ್ರಜೀನ್ ಒಂದನ್ನೇ ಬಳಸುವ ಥ್ರಸ್ಟರಿನ 220–230 ಸೆಕೆಂಡಿಗಿಂತ ಇದು ಮೇಲು, ಎರಡು ದ್ರವಗಳ ಎಂಜಿನ್ನಿಗಿಂತ ಬಹಳ ಕೆಳಗೆ. ಆದ್ದರಿಂದ ನೌಕೆಯ ದಿಕ್ಕು ತಿದ್ದುವ ಕೆಲಸದಲ್ಲಿ ಮತ್ತು ಸಣ್ಣ ನೌಕೆಗಳಲ್ಲಿ ಇವು ಹೈಡ್ರಜೀನನ್ನು ಕ್ರಮೇಣ ತೆರವುಗೊಳಿಸಬಹುದು. ಗುರು, ಶನಿಗಳ ಕಕ್ಷೆ ಸೇರಬೇಕಾದ ಭಾರದ ನೌಕೆಗಳಿಗೆ ಈಗಿರುವ ಎರಡು ದ್ರವಗಳ ಎಂಜಿನ್ನೇ ಬೇಕು.