ಅಮೆರಿಕದ ಉತ್ತರ ಮಿಷಿಗನ್‌ನಲ್ಲಿ ಕೆಲವೇ ಮೈಲಿಗೆ ಕಾಡು ಏಕೆ ಪೂರ್ತಿ ಬದಲಾಗುತ್ತದೆ?

ಮಣ್ಣಿನಿಂದ. ಆ ಮಣ್ಣನ್ನು ಅಲ್ಲಿ ತಂದು ಸುರಿದದ್ದು ಹಿಮನದಿ. ಸುಮಾರು 20,000 ವರ್ಷಗಳ ಹಿಂದೆ ಇಡೀ ಮಿಷಿಗನ್ ಮಂಜುಗಡ್ಡೆಯಡಿ ಇತ್ತು. ಕರಗಿ ಹಿಂದೆ ಸರಿಯುವಾಗ ಅದು ಹೊತ್ತುತಂದದ್ದನ್ನು ಎರಡು ಬಗೆಯಲ್ಲಿ ಇಳಿಸಿತು. ಮಂಜು ನೇರವಾಗಿ ಬಿಟ್ಟುಹೋದ ಕಡೆ ಜೇಡಿ, ಮರಳು, ಗುಂಡುಕಲ್ಲು ಎಲ್ಲ ಕಲಸುಮೇಲೋಗರ. ಈ ದಿಬ್ಬಗಳೇ ಮೊರೇನ್. ಕರಗಿದ ನೀರು ಹರಿದ ಕಡೆಯಾದರೆ ಜರಡಿ ಹಿಡಿದ ಹಾಗೆ: ನುಣ್ಣನೆಯ ಜೇಡಿ ಕೊಚ್ಚಿಹೋಗಿ ಬರೀ ಮರಳಿನ ಬಯಲು ಉಳಿಯಿತು.

ಜೇಡಿ ಬೆರೆತ ದಿಬ್ಬದಲ್ಲಿ ತೇವವೂ ಪೋಷಕಾಂಶವೂ ನಿಲ್ಲುತ್ತವೆ. ಅಲ್ಲಿ ಶುಗರ್ ಮೇಪಲ್, ಬೀಚ್ ಮರಗಳು. ಮರಳಿನ ಬಯಲಿನ ಕತೆಯೇ ಬೇರೆ: ಅಲ್ಲಿನ ಗ್ರೇಲಿಂಗ್ ಊರಿನ ಸುತ್ತಲಿನ ಮರಳನ್ನು ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆಯೇ ಕಟ್ಟುವುದಿಲ್ಲ. ಮಳೆ ಬಿದ್ದ ಹಾಗೇ ಇಂಗಿಹೋಗುತ್ತದೆ. ಅಲ್ಲಿ ಬಾಳುವುದು ಜ್ಯಾಕ್ ಪೈನ್. ಒಣ ನೆಲವಾದ್ದರಿಂದ ಕಾಡ್ಗಿಚ್ಚೂ ಜಾಸ್ತಿ, ಆದರೆ ಈ ಮರಕ್ಕೆ ಅದೇ ಬೇಕು: ರಾಳದಿಂದ ಅಂಟಿ ಮುಚ್ಚಿಕೊಂಡ ಅದರ ಕಾಯಿಗಳು ಬೆಂಕಿಯ ಬಿಸಿಗೆ ಬಿರಿದು ಬೀಜ ಉದುರಿಸುತ್ತವೆ. ಹಾಗೆ ಎದ್ದ ಎಳೆಯ ಪೈನ್‌ಗಳ ಕೆಳಗೆ, ಆ ಮರಳು ನೆಲದ ಮೇಲೇ, ಅಪರೂಪದ ಕಿರ್ಟ್‌ಲ್ಯಾಂಡ್ ವಾರ್ಬ್ಲರ್ ಹಕ್ಕಿ ಗೂಡು ಕಟ್ಟುತ್ತದೆ.